ಛತ್ರ ನೋಡಬೇಕಾ? ಬೇರೆಯವರ ಮದುವೆ ದಿನ ಹೋಗಿ

ನನ್ನ ತಂಗಿಯ ಮದುವೆಗೆ ಛತ್ರ ನೋಡಲು ನಾನೂ ಅಪ್ಪನೂ ಒಂದು ಮಂಗಳವಾರ ಬೆಳಿಗ್ಗೆ ಹೋಗಿದ್ದೆವು. ಒಳಗೆ ಯಾರೂ ಇರಲಿಲ್ಲ. ಒರೆಸಿದ ನೆಲ ಹೊಳೆಯುತ್ತಿತ್ತು. ಮ್ಯಾನೇಜರ್ ಎಲ್ಲಾ ದೀಪ ಹಾಕಿ ತೋರಿಸಿದರು. ಅಪ್ಪನಿಗೆ ಬಹಳ ಹಿಡಿಸಿತು, ಅಲ್ಲೇ ಅಡ್ವಾನ್ಸ್ ಕೊಟ್ಟು ಬಂದೆವು.

ಮದುವೆ ದಿನ ಮಧ್ಯಾಹ್ನ ಗೊತ್ತಾಯಿತು, ಕೆಳಗಿನ ಊಟದ ಹಾಲ್‌ಗೆ ಇಳಿಯಲು ಇರುವುದು ಒಂದೇ ಮೆಟ್ಟಿಲು ಅಂತ. ಉಂಡು ಮೇಲೆ ಬರುವವರು, ಉಣ್ಣಲು ಕೆಳಗೆ ಹೋಗುವವರು, ಎಲ್ಲರೂ ಅದರಲ್ಲೇ. ನಮ್ಮಜ್ಜಿ ಮೊಮ್ಮಗಳ ಮದುವೆಯಲ್ಲಿ ಮುಕ್ಕಾಲು ಗಂಟೆ ಆ ಮೆಟ್ಟಿಲ ಮೇಲೆ ಗೋಡೆ ಹಿಡಿದು ನಿಂತಿದ್ದರು. ಆ ಮಂಗಳವಾರವೂ ನಾವು ಅದೇ ಮೆಟ್ಟಿಲು ಇಳಿದಿದ್ದೆವು. ಖಾಲಿ ಇದ್ದದ್ದರಿಂದ ಅದು ಕಣ್ಣಿಗೇ ಬೀಳಲಿಲ್ಲ.

ಆಮೇಲೆ ನಮ್ಮ ಮನೆಯಲ್ಲಿ ಮೂರು ಮದುವೆಗಳಾದವು. ಮೂರಕ್ಕೂ ಛತ್ರ ನೋಡುವ ಕೆಲಸ ನನ್ನದೇ. ಈಗ ನಾನು ಛತ್ರ ನೋಡುವುದು ಅಲ್ಲಿ ಬೇರೆ ಯಾರದಾದರೂ ಮದುವೆ ನಡೆಯುವ ದಿನ. ಕೆಲವು ಹೋಟೆಲ್, ರೆಸಾರ್ಟ್, ಕನ್ವೆನ್ಷನ್ ಹಾಲ್‌ಗಳು ಈಗ ಓಪನ್ ಡೇ ಅಂತ ಇಟ್ಟು, ಅಲಂಕಾರ ಮಾಡಿ, ತಿಂಡಿ ಕೊಟ್ಟು ತೋರಿಸುತ್ತವೆ. ಕರೆದರೆ ಹೋಗಿ ಬನ್ನಿ. ಆದರೆ ಅಲ್ಲಿ ಕಾಣುವುದು ಸಿಂಗಾರ ಮಾತ್ರ. ಎಂಟುನೂರು ಜನ ಒಟ್ಟಿಗೆ ಕೈತೊಳೆಯಲು ಹೊರಟಾಗ ಆ ಜಾಗ ಹೇಗಿರುತ್ತದೆ ಅನ್ನುವುದು ಮದುವೆ ನಡೆಯುವ ದಿನವೇ ಕಾಣಬೇಕು.

ಮೊದಲು ಮನೆಯಲ್ಲಿ ಕೂತು ಲೆಕ್ಕ ಬರೆಯಿರಿ

ಎರಡೂ ಕಡೆಯವರು ಸೇರಿ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಆರತಕ್ಷತೆಗೆ ಎಷ್ಟು ಜನ, ಮುಹೂರ್ತಕ್ಕೆ ಎಷ್ಟು ಜನ, ರಾತ್ರಿ ಉಳಿಯುವವರು ಎಷ್ಟು, ಊರಿಂದ ಬಸ್ ಎಷ್ಟು ಬರುತ್ತದೆ, ಮೆಟ್ಟಿಲು ಹತ್ತಲಾಗದ ಹಿರಿಯರು ಎಷ್ಟು ಮಂದಿ. ಅಡುಗೆ ನಮ್ಮ ಭಟ್ಟರದೋ, ಛತ್ರದವರದೋ ಎನ್ನುವುದನ್ನೂ ಮೊದಲೇ ಮಾತಾಡಿಕೊಳ್ಳಿ. ಕೆಲವು ಕಡೆ ಹೊರಗಿನ ಅಡುಗೆಯವರನ್ನು ಒಳಗೆ ಬಿಡುವುದೇ ಇಲ್ಲ. ಅಂಥ ಜಾಗ ನೋಡಿ ಮೆಚ್ಚಿಕೊಂಡ ಮೇಲೆ ಈ ವಿಷಯ ಗೊತ್ತಾದರೆ ಬೇಜಾರು, ಅಲ್ವಾ?

ನೋಡಲು ಮೂವರು ಹೋದರೆ ಸಾಕು. ಮದುವೆ ಆಗುವ ಹುಡುಗಿ ಅಥವಾ ಹುಡುಗ, ಮಂಡಿನೋವು ಇರುವ ಒಬ್ಬ ಹಿರಿಯರು, ಅಡುಗೆ ವಿಷಯ ತಿಳಿದ ಒಬ್ಬರು. ಮಂಡಿನೋವಿನವರನ್ನು ಬೇಕೆಂದೇ ಹೇಳಿದೆ. ಅವರು ಎಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಾರೋ ಅಲ್ಲೇ ನಿಮ್ಮ ಅತ್ತೆ, ದೊಡ್ಡಪ್ಪ, ಅಜ್ಜಿ ಎಲ್ಲರೂ ನಿಲ್ಲಬೇಕಾಗುತ್ತದೆ.

ಯಾವ ದಿನ, ಎಷ್ಟು ಹೊತ್ತಿಗೆ

ಮನೆಯ ಕ್ಯಾಲೆಂಡರ್‌ನಲ್ಲಿ ಮುಹೂರ್ತದ ದಿನಗಳು ಇದ್ದೇ ಇರುತ್ತವೆ. ಛತ್ರಕ್ಕೆ ಫೋನ್ ಮಾಡಿ, "ಸರ್, ಈ ಭಾನುವಾರ ನಿಮ್ಮಲ್ಲಿ ಮದುವೆ ಇದೆಯಾ? ಹತ್ತು ನಿಮಿಷ ನೋಡಿಕೊಂಡು ಹೋಗಬಹುದಾ?" ಎಂದು ಕೇಳಿ. ಬೇಡ ಅನ್ನುವವರು ಕಡಿಮೆ.

ಒಂದು ಛತ್ರಕ್ಕೆ ಎರಡು ಸಲ ಹೋಗಿ. ಒಮ್ಮೆ ಆರತಕ್ಷತೆಯ ಸಂಜೆ 8ರ ಹೊತ್ತಿಗೆ. ಆಗ ಪಾರ್ಕಿಂಗ್, ಸ್ಟೇಜ್ ಮುಂದಿನ ಸಾಲು, ಸದ್ದು, ಸೆಕೆ ಎಲ್ಲವೂ ಹೆಚ್ಚಿರುತ್ತದೆ. ಇನ್ನೊಮ್ಮೆ ಮುಹೂರ್ತ ಮುಗಿದ ಮೇಲೆ ಮಧ್ಯಾಹ್ನ 12.30ಕ್ಕೆ. ಆಗ ಎರಡನೇ ಪಂಕ್ತಿ ನಡೆಯುತ್ತಿರುತ್ತದೆ. ಒಂದೇ ಸಲ ಹೋಗಲು ಸಾಧ್ಯ ಅಂದರೆ ಮಧ್ಯಾಹ್ನವೇ ಹೋಗಿ.

ಆಷಾಢದಲ್ಲಿ, ಧನುರ್ಮಾಸದಲ್ಲಿ, ಪಿತೃಪಕ್ಷದಲ್ಲಿ ಹಿಂದೂಗಳ ಮದುವೆ ಇರುವುದಿಲ್ಲ. ಅಧಿಕ ಮಾಸದಲ್ಲೂ ಇಲ್ಲ. 2026ರಲ್ಲಿ ಅಧಿಕ ಜ್ಯೇಷ್ಠ ಮೇ 17ರಿಂದ ಜೂನ್ 15ರವರೆಗೆ. ಚರ್ಚ್ ಹಾಲ್ ಆದರೆ ತಪಸ್ಸುಕಾಲ, ಶಾದಿ ಮಹಲ್ ಆದರೆ ರಂಜಾನ್ ತಿಂಗಳು ಸಾಮಾನ್ಯವಾಗಿ ಖಾಲಿ. ಈ ಖಾಲಿ ತಿಂಗಳುಗಳು ಬಾಡಿಗೆ ಚೌಕಾಸಿಗೆ ಒಳ್ಳೆಯವು. ಮ್ಯಾನೇಜರ್‌ಗೂ ಕೂತು ಮಾತಾಡಲು ಪುರುಸೊತ್ತು ಇರುತ್ತದೆ. ಹಾಗಾಗಿ ನೋಡುವುದನ್ನು ಸೀಸನ್‌ನಲ್ಲಿ ನೋಡಿ, ಮಾತನ್ನು ಆಷಾಢದಲ್ಲಿ ಆಡಿ.

ಬೇರೆಯವರ ಮನೆಯ ಶುಭಕಾರ್ಯ ಅನ್ನುವುದು ನೆನಪಿರಲಿ. ಒಪ್ಪವಾದ ಬಟ್ಟೆ ಹಾಕಿ. ಮದುವೆಯ ಮನೆಯವರು ಎದುರಾದರೆ "ನಮ್ಮ ಮನೆಯಲ್ಲೂ ಮದುವೆ ಇದೆ, ಛತ್ರ ನೋಡಲು ಬಂದೆವು" ಎಂದು ನೇರವಾಗಿ ಹೇಳಿ. ಜನರ ಫೋಟೋ ತೆಗೆಯಬೇಡಿ. ನೀವಾಗಿ ಪಂಕ್ತಿಯಲ್ಲಿ ಕೂರಬೇಡಿ. ನಮ್ಮ ಕಡೆಯ ಜನ ಹೇಗೂ "ಬಂದವರು ಊಟ ಮಾಡಿಕೊಂಡೇ ಹೋಗಿ" ಅನ್ನುತ್ತಾರೆ. ಮನಸಾರೆ ಕರೆದರೆ ಕೊನೆಯ ಪಂಕ್ತಿಯಲ್ಲಿ ಕೂತು ಉಂಡು, ಮದುಮಕ್ಕಳ ಮೇಲೆ ನಾಲ್ಕು ಅಕ್ಷತೆ ಹಾಕಿ ಬನ್ನಿ.

ಊಟದ ಹಾಲ್‌ನಿಂದ ಶುರು ಮಾಡಿ

ಮ್ಯಾನೇಜರ್ ನಿಮ್ಮನ್ನು ಮೊದಲು ಸ್ಟೇಜ್ ಹತ್ತಿರ ಕರೆದುಕೊಂಡು ಹೋಗುತ್ತಾರೆ. ನೀವು ಮೊದಲು ಊಟದ ಹಾಲ್ ತೋರಿಸಿ ಅನ್ನಿ. ಮದುವೆಗೆ ಬಂದ ಪ್ರತಿಯೊಬ್ಬರೂ ಮುಟ್ಟುವ ಜಾಗ ಅದೇ. ಮದುವೆ ಚೆನ್ನಾಗಿತ್ತಾ ಅಂತ ಮನೆಗೆ ಹೋಗಿ ಮಾತಾಡುವುದೂ ಅದರ ಮೇಲೆಯೇ.

ಎಷ್ಟು ಸೀಟು ಎಂದು ಕೇಳಬೇಡಿ, ನೀವೇ ಎಣಿಸಿ. ಬಾಳೆಎಲೆ ಊಟಕ್ಕೆ ಒಬ್ಬರಿಗೆ ಸುಮಾರು ಎರಡು ಅಡಿ ಮೇಜು ಬೇಕು. ಅದಕ್ಕಿಂತ ಕಡಿಮೆ ಇದ್ದರೆ ಮೊಣಕೈಗೆ ಮೊಣಕೈ ತಾಗುತ್ತದೆ. ಎರಡು ಸಾಲಿನ ನಡುವೆ ಸಾರಿನ ಬಕೆಟ್ ಹಿಡಿದವರು ಇಬ್ಬರು ಎದುರುಬದುರು ದಾಟಬಹುದಾ ನೋಡಿ.

ಈಗ ಲೆಕ್ಕ ಹಾಕಿ. ಮಧ್ಯಾಹ್ನಕ್ಕೆ 900 ಜನ ಅಂದುಕೊಳ್ಳಿ. ಹಾಲ್‌ನಲ್ಲಿ 240 ಎಲೆ. ಅಂದರೆ ನಾಲ್ಕು ಪಂಕ್ತಿ. ಎಲೆ ಹಾಕಿ, ಬಡಿಸಿ, ಉಂಡು, ಎಲೆ ತೆಗೆದು, ಮೇಜು ಒರೆಸಿ, ಮತ್ತೆ ಎಲೆ ಹಾಕಲು ಒಂದು ಪಂಕ್ತಿಗೆ 40 ನಿಮಿಷ ಬೇಕೇ ಬೇಕು. 11.45ಕ್ಕೆ ಮೊದಲ ಪಂಕ್ತಿ ಕೂತರೆ ಕೊನೆಯದು ಕೂರುವುದು 1.45ಕ್ಕೆ, ಏಳುವುದು 2.25ಕ್ಕೆ. ಬಹಳ ಛತ್ರಗಳಲ್ಲಿ 3 ಅಥವಾ 4 ಗಂಟೆಗೆ ಜಾಗ ಬಿಟ್ಟುಕೊಡಬೇಕು. ಕೊನೆಯ ಪಂಕ್ತಿಯಲ್ಲಿ ಕೂರುವವರು ಯಾರು ಹೇಳಿ? ಮದುಮಕ್ಕಳು, ಅವರ ಅಪ್ಪ ಅಮ್ಮ, ಬೆಳಿಗ್ಗೆ 4ರಿಂದ ಓಡಾಡಿದ ಅಣ್ಣ ತಮ್ಮಂದಿರು. ಅವರು ಪಾಯಸ ತಿನ್ನುವ ಹೊತ್ತಿಗೆ ಪಕ್ಕದಲ್ಲಿ ಕುರ್ಚಿ ಮಡಿಸುವ ಸದ್ದು ಕೇಳಬಾರದು. ಸೀಟು 300 ಇದ್ದರೆ ಮೂರೇ ಪಂಕ್ತಿ ಆಗುತ್ತದೆ, 40 ನಿಮಿಷ ಉಳಿಯುತ್ತದೆ. ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ನಾನು ಆ ಹಾಲ್ ಹಿಡಿಯುತ್ತೇನೆ.

ಪಂಕ್ತಿ ಬದಲಾಗುವ ಆ ಹತ್ತು ನಿಮಿಷ ಬಾಗಿಲ ಹತ್ತಿರ ಸುಮ್ನೆ ನಿಂತು ನೋಡಿ. ಕಾಯುವವರು ಎಲ್ಲಿ ನಿಲ್ಲುತ್ತಾರೆ? ಅವರಿಗೆ ಕೂರಲು ಕುರ್ಚಿ ಇದೆಯಾ, ಅಥವಾ ಉಣ್ಣುವವರ ಬೆನ್ನ ಹಿಂದೆ ನಿಲ್ಲುತ್ತಾರಾ? ಒಳಗೆ ಹೋಗಲು ಒಂದು ಬಾಗಿಲು, ಹೊರಬರಲು ಇನ್ನೊಂದು ಇದೆಯಾ? ಕೈತೊಳೆಯುವ ನಲ್ಲಿ ಎಷ್ಟು, ಅದರ ಮುಂದೆ ನೆಲ ಒದ್ದೆಯಾಗಿ ಜಾರುತ್ತದಾ? ರೇಷ್ಮೆ ಸೀರೆ ಉಟ್ಟ ಹಿರಿಯರು ಜಾರಿ ಬೀಳುವುದು ಅಲ್ಲೇ. ಲಿಫ್ಟ್ ಇದೆ ಅಂತ ಹೇಳಿದರೆ ಹತ್ತಿ ಇಳಿದು ನೋಡಿ. ಅದರಲ್ಲಿ ಎಷ್ಟು ಜನ ಹಿಡಿಯುತ್ತಾರೆ, ಅಡುಗೆ ಪಾತ್ರೆಗಳನ್ನೂ ಅದರಲ್ಲೇ ಸಾಗಿಸುತ್ತಾರಾ ಎಂದು ಗಮನಿಸಿ.

ಮೇಜಿನ ಮೇಲೆ ಏನು ಹಾಸಿದ್ದಾರೆ ಎಂಬುದನ್ನೂ ನೋಡಿ. ಕರ್ನಾಟಕದಲ್ಲಿ 2016ರ ಮಾರ್ಚ್‌ನಿಂದ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ ಮಾತ್ರವಲ್ಲ, ಊಟದ ಮೇಜಿಗೆ ಹಾಸುವ ಪ್ಲಾಸ್ಟಿಕ್ ಹಾಳೆಗೂ ನಿಷೇಧ ಇದೆ. ಪೇಪರ್ ರೋಲ್ ಯಾರು ತರಬೇಕು, ಎಲೆಗಳನ್ನು ಎಲ್ಲಿಗೆ ಸಾಗಿಸುತ್ತಾರೆ, ಹಸಿ ಕಸ ಒಣ ಕಸ ಬೇರೆ ಮಾಡುತ್ತಾರಾ ಎಂದು ಕೇಳಿಕೊಳ್ಳಿ.

ಅಡುಗೆಮನೆ ಮತ್ತು ನೀರು

ಇಲ್ಲಿ ನಿಮ್ಮ ಭಟ್ಟರು ಬಂದು ನೋಡಿದರೆ ಎಲ್ಲಕ್ಕಿಂತ ಒಳ್ಳೆಯದು. ಅವರು ಬರಲಾಗದಿದ್ದರೆ ಅಲ್ಲಿ ಅವತ್ತು ಅಡುಗೆ ಮಾಡುತ್ತಿರುವವರ ಹತ್ತಿರ ಮಾತಾಡಿ. "ಭಟ್ರೇ, ಇಲ್ಲಿ ನೀರು ಹೇಗೆ? ಹೊಗೆ ಹೊರಗೆ ಹೋಗುತ್ತಾ?" ಎಂದು ಕೇಳಿದರೆ ಇದ್ದದ್ದು ಇದ್ದಹಾಗೆ ಹೇಳುತ್ತಾರೆ. ಹತ್ತಾರು ಛತ್ರಗಳಲ್ಲಿ ಒಲೆ ಹಚ್ಚಿದವರು ಅವರು. ಆದರೆ ಬಡಿಸುವ ಗಡಿಬಿಡಿಯಲ್ಲಿ ಕೇಳಬೇಡಿ, ಕೊನೆಯ ಪಂಕ್ತಿಗೆ ಸಾರು ಹೋದ ಮೇಲೆ ಕೇಳಿ.

ನೀವು ನೋಡಬೇಕಾದದ್ದು ಇಷ್ಟು. ಒಲೆ ಎಷ್ಟು, ಸಿಲಿಂಡರ್‌ಗಳನ್ನು ಎಲ್ಲಿ ಇಟ್ಟಿದ್ದಾರೆ, ಉಗ್ರಾಣಕ್ಕೆ ಬೀಗ ಇದೆಯಾ, ತರಕಾರಿ ಹೆಚ್ಚಲು ಒಣ ಜಾಗ ಇದೆಯಾ, ಅಡುಗೆಮನೆಯಿಂದ ಊಟದ ಹಾಲ್‌ಗೆ ಎಷ್ಟು ಹೆಜ್ಜೆ. ಅನ್ನದ ಕೊಪ್ಪರಿಗೆ ಹೊತ್ತು ಮೆಟ್ಟಿಲು ಹತ್ತಬೇಕಾದರೆ ಬಡಿಸುವ ವೇಗ ಕಡಿಮೆಯಾಗುತ್ತದೆ, ಸುಟ್ಟುಕೊಳ್ಳುವ ಭಯವೂ ಇದೆ. ಪಾತ್ರೆಗಳು ಬಾಡಿಗೆಯಲ್ಲಿ ಸೇರಿವೆಯಾ, ಪಟ್ಟಿ ಇದೆಯಾ ಎಂದೂ ಕೇಳಿ.

ನೀರಿನ ಬಗ್ಗೆ ಸಂಕೋಚ ಬೇಡ. 2024ರ ಬೇಸಿಗೆಯಲ್ಲಿ ಬೆಂಗಳೂರು ನೀರಿಗೆ ಎಷ್ಟು ಪರದಾಡಿತು ಅಂತ ನೋಡಿದ್ದೇವೆ. ಮದುವೆ ಸೀಸನ್ ಬರುವುದೂ ಬೇಸಿಗೆಯಲ್ಲೇ. ಬೋರ್‌ವೆಲ್ ಇದೆಯಾ, ಅದರಲ್ಲಿ ಏಪ್ರಿಲ್‌ನಲ್ಲೂ ನೀರು ಬರುತ್ತದಾ, ಸಂಪ್ ಎಷ್ಟು ಲೀಟರ್, ಟ್ಯಾಂಕರ್ ತರಿಸಿದರೆ ಖರ್ಚು ಯಾರದು. ಟ್ಯಾಂಕರ್ 6,000 ಲೀಟರ್‌ನದೂ ಇರುತ್ತದೆ, 12,000 ಲೀಟರ್‌ನದೂ ಇರುತ್ತದೆ. "ಒಂದು ಟ್ಯಾಂಕರ್ ನಮ್ಮದು" ಎಂದು ಅವರು ಹೇಳಿದರೆ ಯಾವುದು ಎಂದು ಬರೆಸಿಕೊಳ್ಳಿ.

ಹಾಲ್, ಸ್ಟೇಜ್, ಬಾಗಿಲು

ಮದುವೆ ಹಾಲ್‌ನ ಕೊನೆಯ ಸಾಲಿನಲ್ಲಿ ಐದು ನಿಮಿಷ ಕೂರಿ. ಧಾರೆ ಎರೆಯುವುದು ಕಾಣುತ್ತದಾ, ಅಥವಾ ಫೋಟೋದವರ ಬೆನ್ನು ಮಾತ್ರ ಕಾಣುತ್ತದಾ? ಸ್ಟೇಜ್ ಮೇಲೆ ಹೋಮಕುಂಡ ಇಟ್ಟ ಮೇಲೆ ಎರಡೂ ಕಡೆಯ ಹಿರಿಯರು ಕೂರಲು ಜಾಗ ಇದೆಯಾ? ಎಸಿ ಹಾಲ್ ಆದರೆ ಹೋಮಕ್ಕೆ ಒಪ್ಪುತ್ತಾರಾ, ಹೊಗೆ ಹೋಗಲು ದಾರಿ ಇದೆಯಾ ಎಂದು ಪುರೋಹಿತರ ಪರವಾಗಿ ನೀವೇ ಕೇಳಬೇಕು. ವಾಲಗದವರು ಕೂರುವ ಜಾಗವನ್ನು ಎಷ್ಟೋ ಕಡೆ ಮರೆತೇ ಬಿಟ್ಟಿರುತ್ತಾರೆ. ಡೋಲಿನ ಪಕ್ಕದಲ್ಲೇ ಸ್ಪೀಕರ್ ಇದ್ದರೆ ಮಂತ್ರವೂ ಕೇಳದು, ಮಾತೂ ಕೇಳದು.

ಸದ್ದಿಗೆ ಕಾನೂನೂ ಇದೆ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಮುಚ್ಚಿದ ಹಾಲ್‌ನ ಒಳಗಿನವರಿಗಷ್ಟೇ ಕೇಳುವಂತಿದ್ದರೆ ವಿನಾಯಿತಿ ಇದೆ. ಹುಲ್ಲುಹಾಸಿನ ಮೇಲೆ ಆರತಕ್ಷತೆ ಇಟ್ಟುಕೊಳ್ಳುವವರು ಹಾಡಿನ ಕಾರ್ಯಕ್ರಮವನ್ನು 10ರೊಳಗೆ ಮುಗಿಸುವಂತೆ ಯೋಚಿಸಿ.

ಬೆಂಕಿಯ ವಿಷಯ ಶುಭಕಾರ್ಯದಲ್ಲಿ ಆಡಬಾರದು ಅನ್ನುತ್ತಾರೆ. ನಾನು ಆಡಿಯೇ ಆಡುತ್ತೇನೆ. 2004ರ ಜನವರಿ 23ರಂದು ತಮಿಳುನಾಡಿನ ಶ್ರೀರಂಗಂನ ಒಂದು ಕಲ್ಯಾಣ ಮಂಟಪದಲ್ಲಿ ಮದುವೆ ನಡೆಯುವಾಗಲೇ ಚಪ್ಪರಕ್ಕೆ ಬೆಂಕಿ ಹತ್ತಿತು. ಮದುಮಗನೂ ಸೇರಿ 50ಕ್ಕೂ ಹೆಚ್ಚು ಜನ ತೀರಿಕೊಂಡರು. ಆದ್ದರಿಂದ ಹಾಲ್‌ಗೆ ಕನಿಷ್ಠ ಎರಡು ದೊಡ್ಡ ಬಾಗಿಲು ಇವೆಯಾ ನೋಡಿ. ಎರಡನೆಯದಕ್ಕೆ ಬೀಗ ಹಾಕಿದ್ದಾರಾ, ಅದರ ಮುಂದೆ ಕುರ್ಚಿ ಪೇರಿಸಿದ್ದಾರಾ, ಡೆಕೊರೇಷನ್ ಬಟ್ಟೆ ಬಾಗಿಲನ್ನು ಮುಚ್ಚಿದೆಯಾ ನೋಡಿ. ಖಾಲಿ ದಿನ ಎಲ್ಲಾ ಬಾಗಿಲೂ ತೆರೆದೇ ಇರುತ್ತವೆ. ಮದುವೆ ದಿನ ಅವು ಹೇಗಿರುತ್ತವೆ ಅನ್ನುವುದೇ ಮುಖ್ಯ. ಬೆಂಕಿ ಆರಿಸುವ ಸಿಲಿಂಡರ್ ಮೇಲಿನ ದಿನಾಂಕವನ್ನೂ ಓದಿ.

ಕೋಣೆ, ಶೌಚಾಲಯ, ಪಾರ್ಕಿಂಗ್

ವಧುವಿನ ಕೋಣೆಯಲ್ಲಿ ಮೂರು ವಿಷಯ ಸಾಕು: ಬಾಗಿಲಿಗೆ ಒಳಗಿನಿಂದ ಸರಿಯಾದ ಚಿಲಕ, ಬೀಗ ಹಾಕುವ ಬೀರು, ಬೆಳಿಗ್ಗೆ 4ಕ್ಕೆ ಬಿಸಿನೀರು. ಇಂಡಿಯನ್ ಶೌಚಾಲಯ ಮಾತ್ರ ಇರುವ ಹಳೆಯ ಛತ್ರಗಳಲ್ಲಿ ವಯಸ್ಸಾದವರಿಗೆ ತುಂಬಾ ಕಷ್ಟವಾಗುತ್ತದೆ. ಹಾಲ್ ಇರುವ ಮಹಡಿಯಲ್ಲೇ ಒಂದಾದರೂ ಕಮೋಡ್ ಇರಬೇಕು. ಮಧ್ಯಾಹ್ನ 12.30ಕ್ಕೆ ಅದು ಎಷ್ಟು ಚೊಕ್ಕಟವಾಗಿದೆ ಅನ್ನುವುದರಲ್ಲಿ ಆ ಛತ್ರದ ಆಡಳಿತ ಕಾಣುತ್ತದೆ.

ಬಸವನಗುಡಿ, ಮಲ್ಲೇಶ್ವರ, ಜಯನಗರದಂಥ ಹಳೆಯ ಬಡಾವಣೆಗಳ ಛತ್ರಗಳಿಗೆ ಹೋಗುವುದಾದರೆ ಕಾರಿನಲ್ಲೇ ಹೋಗಿ. ನಿಮಗೆ ಜಾಗ ಸಿಗಲು ಎಷ್ಟು ಹೊತ್ತಾಯಿತೋ ನಿಮ್ಮ ನೆಂಟರಿಗೂ ಅಷ್ಟೇ ಹೊತ್ತಾಗುತ್ತದೆ. ಊರಿನ ಬಸ್ ಎಲ್ಲಿ ನಿಲ್ಲಬಹುದು ಎಂದು ಮ್ಯಾನೇಜರ್ ಬದಲು ವಾಚ್‌ಮನ್‌ನ್ನು ಕೇಳಿ.

ದುಡ್ಡಿನ ಮಾತು

ಬಾಡಿಗೆ ಒಂದೇ ನೋಡಿ ಎರಡು ಛತ್ರ ಹೋಲಿಸಬೇಡಿ. ಎಲ್ಲಾ ಸೇರಿ ಕೊನೆಗೆ ಎಷ್ಟು ಎನ್ನುವುದನ್ನು ಹೋಲಿಸಿ. ಹಾಲ್ ಬಾಡಿಗೆಯ ಮೇಲೆ ಶೇ 18 ಜಿಎಸ್‌ಟಿ ಇದೆ. ಎರಡು ಲಕ್ಷ ಬಾಡಿಗೆ ಅಂದರೆ 36,000 ಅದೇ ಆಯಿತು. ಅದರ ಮೇಲೆ ಕರೆಂಟ್, ಡೀಸೆಲ್, ಕ್ಲೀನಿಂಗ್, ಕಸ, ನೀರು, ಕೆಲವು ಕಡೆ ಡೆಕೊರೇಷನ್‌ನವರು ಒಳಗೆ ಬರಲು ಶುಲ್ಕ.

ಕರೆಂಟ್ ಬಿಲ್ ಅಂದಾಜನ್ನು ನೀವೇ ಮಾಡಬಹುದು. ಒಂದು ಟನ್ ಎಸಿ ಗಂಟೆಗೆ ಸುಮಾರು ಒಂದು ಯೂನಿಟ್ ಅಥವಾ ಸ್ವಲ್ಪ ಜಾಸ್ತಿ ತಿನ್ನುತ್ತದೆ. 60 ಟನ್ ಎಸಿ ಐದು ಗಂಟೆ ಓಡಿದರೆ 300 ಯೂನಿಟ್ ದಾಟುತ್ತದೆ. ಯೂನಿಟ್‌ಗೆ ಎಷ್ಟು ಹಾಕುತ್ತೀರಿ ಎಂದು ಕೇಳಿ, ಬೆಸ್ಕಾಂ ದರಕ್ಕಿಂತ ಜಾಸ್ತಿ ಹಾಕುವವರೂ ಇದ್ದಾರೆ. ಜನರೇಟರ್‌ಗೆ ಗಂಟೆಯ ಲೆಕ್ಕವೋ, ಡೀಸೆಲ್ ಲೀಟರ್ ಲೆಕ್ಕವೋ, ಓಡದಿದ್ದರೂ ಕನಿಷ್ಠ ಮೊತ್ತ ಕೊಡಬೇಕಾ ಎಂದೂ ಕೇಳಿ.

ನನಗೆ ಬಹಳ ಉಪಯೋಗವಾದ ಒಂದು ಪ್ರಶ್ನೆ ಇದೆ: "ಹೋದ ತಿಂಗಳು ಇಷ್ಟೇ ಜನ ಬಂದ ಒಂದು ಮದುವೆಯ ಕೊನೆಯ ಬಿಲ್ ತೋರಿಸ್ತೀರಾ? ಹೆಸರು ಮುಚ್ಚಿಬಿಡಿ." ಬಿಲ್ ತೋರಿಸುವವರ ಹತ್ತಿರ ವ್ಯವಹಾರ ಸಲೀಸು.

ನಗದು ಕೊಡುವ ಮುಂಚೆ ಇದನ್ನು ತಿಳಿದಿರಿ. 2017ರ ಏಪ್ರಿಲ್‌ನಿಂದ, ಒಂದೇ ಸಮಾರಂಭಕ್ಕೆ ಒಬ್ಬರಿಂದ ಎರಡು ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳುವಂತಿಲ್ಲ. ಕಂತುಗಳಾಗಿ ಒಡೆದರೂ ಲೆಕ್ಕ ಒಟ್ಟಿಗೇ. ಬ್ಯಾಂಕ್ ಮೂಲಕ ಕೊಟ್ಟರೆ ನಿಮ್ಮ ಕೈಯಲ್ಲೂ ದಾಖಲೆ ಉಳಿಯುತ್ತದೆ. ಛತ್ರದವರು ಮದುಮಕ್ಕಳ ವಯಸ್ಸಿನ ದಾಖಲೆ ಕೇಳಿದರೆ ಬೇಸರ ಬೇಡ, ಹುಡುಗಿಗೆ 18, ಹುಡುಗನಿಗೆ 21 ಆಗಿದೆಯಾ ಎಂದು ನೋಡುವುದು ಒಳ್ಳೆಯ ಕೆಲಸವೇ.

ಅಡ್ವಾನ್ಸ್ ಕೊಡುವ ಮುಂಚೆ

ಛತ್ರದ ಅಂಗಳದಲ್ಲಿ ನಿಂತು ಅಡ್ವಾನ್ಸ್ ಕೊಡಬೇಡಿ. "ಇನ್ನೊಬ್ಬರು ಸಂಜೆ ಬರ್ತಾರೆ, ಈಗಲೇ ಕೊಟ್ಟುಬಿಡಿ" ಎಂಬ ಮಾತು ನಮಗೂ ಬಂದಿತ್ತು. ಒಂದು ರಾತ್ರಿ ತಡೆದಿದ್ದರೆ ಆ ಮೆಟ್ಟಿಲು ನೆನಪಾಗುತ್ತಿತ್ತೇನೋ. ತೀರಾ ಅನುಮಾನವಾದರೆ, ಎರಡು ದಿನ ದಿನಾಂಕ ಹಿಡಿದಿಡಲು ಚಿಕ್ಕ ಮೊತ್ತ ಕೊಡುತ್ತೇವೆ, ರಸೀದಿ ಕೊಡಿ ಎಂದು ಕೇಳಿ.

ಮನೆಗೆ ಬಂದ ರಾತ್ರಿಯೇ, ಮೂವರೂ ಬೇರೆ ಬೇರೆಯಾಗಿ ಕಂಡದ್ದನ್ನು ಬರೆಯಿರಿ. ಆಮೇಲೆ ಒಟ್ಟಿಗೆ ಓದಿ. ನನ್ನ ಚಿಕ್ಕಮ್ಮ ಒಮ್ಮೆ ಬರೆದದ್ದು ಒಂದೇ ಸಾಲು: "ಅಡುಗೆಮನೆ ಹೆಂಗಸರು ಕೂತು ಉಣ್ಣಲು ಜಾಗ ಇಲ್ಲ." ಆ ಛತ್ರ ಬಿಟ್ಟೆವು.

ಕರಾರಿನಲ್ಲಿ ಈ ಮಾತುಗಳು ಬರಹದಲ್ಲಿ ಇರಲಿ: ಯಾವ ದಿನ ಎಷ್ಟು ಗಂಟೆಗೆ ಬೀಗದ ಕೈ ಕೊಡುತ್ತಾರೆ, ಎಷ್ಟಕ್ಕೆ ವಾಪಸ್, ತಡವಾದರೆ ಗಂಟೆಗೆ ಎಷ್ಟು. ಎಷ್ಟು ಕೋಣೆ, ಯಾವುವು. ಡಿಪಾಸಿಟ್ ಎಷ್ಟು ದಿನದಲ್ಲಿ ವಾಪಸ್. ದಿನಾಂಕ ಮುಂದೆ ಹೋದರೆ ಅಡ್ವಾನ್ಸ್ ಏನಾಗುತ್ತದೆ. ಈ ಕೊನೆಯ ಮಾತನ್ನು 2020ರ ಲಾಕ್‌ಡೌನ್‌ಗೆ ಮುಂಚೆ ಯಾರೂ ಕೇಳುತ್ತಿರಲಿಲ್ಲ. ಸರ್ಕಾರದ ಆದೇಶದಿಂದ ನಿಂತರೆ ಏನು, ಮನೆಯಲ್ಲಿ ಸಾವಾಗಿ ಮುಂದೂಡಿದರೆ ಏನು, ಎರಡನ್ನೂ ಬೇರೆ ಬೇರೆ ಬರೆಸಿ. ಕರಾರು ಕೈಯಲ್ಲಿದ್ದೂ ದುಡ್ಡು ವಾಪಸ್ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ಬೀಗದ ಕೈ ಸಿಕ್ಕ ದಿನ

ಮದುವೆಗೆ ಒಂದು ವಾರ ಇರುವಾಗ ಇನ್ನೊಮ್ಮೆ ಹೋಗಿ ಬನ್ನಿ. ಲಿಫ್ಟ್ ಕೆಟ್ಟಿದೆಯಾ, ರಿಪೇರಿ ಏನಾದರೂ ನಡೆಯುತ್ತಿದೆಯಾ ಎಂದು ನೋಡಿ.

ಹಿಂದಿನ ದಿನ ಒಳಗೆ ಹೋದ ಕೂಡಲೇ ಮನೆಯ ಒಬ್ಬ ಹುಡುಗನಿಗೆ ಈ ಕೆಲಸ ವಹಿಸಿ. ಕರೆಂಟ್ ಮೀಟರ್ ಫೋಟೋ, ಜನರೇಟರ್ ಗಂಟೆಯ ಮೀಟರ್ ಫೋಟೋ, ಪಾತ್ರೆ ಎಣಿಕೆ, ಮೊದಲೇ ಒಡೆದಿರುವ ಗಾಜು, ಕುರ್ಚಿಗಳ ಫೋಟೋ. ಹಾಲ್‌ನ ಎರಡನೇ ಬಾಗಿಲಿನ ಬೀಗ ತೆಗೆಸುವುದೂ ಅವನದೇ ಕೆಲಸ. ಮಾರನೇ ದಿನ ಜಾಗ ಬಿಡುವಾಗ ಅವನೇ ಮ್ಯಾನೇಜರ್ ಜೊತೆ ನಿಂತು ಮತ್ತೆ ಅದೇ ಮೀಟರ್ ನೋಡಲಿ. ಹೊರಡುವ ಮುಂಚೆ ಒಬ್ಬರು ಹೆಂಗಸರು ಎಲ್ಲಾ ಕೋಣೆ ಸುತ್ತಿ ಬರಬೇಕು. ಬೀರು ತೆರೆದು, ಹಾಸಿಗೆ ಎತ್ತಿ, ಬಾತ್‌ರೂಮಿನ ಕಿಟಕಿ ಅಂಚು ಮತ್ತು ಬಾಗಿಲ ಹಿಂದಿನ ಮೊಳೆ ನೋಡಬೇಕು. ಉಂಗುರ, ವಾಚು ಮರೆತುಹೋಗುವುದು ಕಿಟಕಿ ಅಂಚಿನಲ್ಲಿ. ವರನ ಪಂಚೆ ಶಲ್ಯ ಉಳಿದುಹೋಗುವುದು ಆ ಮೊಳೆಯ ಮೇಲೆ.